ತೇರು ಮುಂದೆ ಹೋಯ್ತು, ಹೂವು ಹಿಂದೆ ಬಿತ್ತು: ವಿಡಿಯೊದಾಗಿನ ಹೂಮಳೆ ಗುರಿ ತಪ್ಪೋದು ಯಾಕೆ?

ಕೊಪ್ಪಳ: ಜಾತ್ರೆ ಇರಲಿ, ಮದುವೆ ಇರಲಿ, ಅಂಗಡಿ ಓಪನಿಂಗ್ ಇರಲಿ, ಈಗ ಎಲ್ಲದಕ್ಕೂ ಅರ್ಧ ನಿಮಿಷದ ಒಂದು ವಿಡಿಯೊ ಬೇಕೇ ಬೇಕು. ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕಬೇಕು, ಇನ್‌ಸ್ಟಾಗ್ರಾಂಗೆ ಬಿಡಬೇಕು, ಬಜಾರದ ಎಲ್‌ಇಡಿ ಪರದೆ ಮೇಲೆ ಓಡಿಸಬೇಕು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಾಲ್ಕೂ ಊರಿನ ಸ್ಟುಡಿಯೊಗಳಲ್ಲಿ ಹುಡುಗರು ರಾತ್ರಿ ಕೂತು ಮಾಡೋ ಕೆಲಸದಲ್ಲಿ ದೊಡ್ಡ ಪಾಲು ಇದೇ.

ಈ ವಿಡಿಯೊಗಳಲ್ಲಿ ಗಿರಾಕಿ ತಪ್ಪದೇ ಕೇಳೋದು ಒಂದು: ಹೂಮಳೆ. ತೇರಿನ ಮೇಲೆ ಹೂವು ಬೀಳಬೇಕು, ವಧು-ವರರ ಮೇಲೆ ಅಕ್ಷತೆ ಬೀಳಬೇಕು, ಹೊಸ ಟ್ರ್ಯಾಕ್ಟರ್ ಷೋರೂಮಿನಿಂದ ಹೊರಗೆ ಬರುವಾಗ ಅದರ ಮೇಲೆ ಮಿಂಚು ಸುರಿಯಬೇಕು. ಆದರೆ ಬಹಳಷ್ಟು ವಿಡಿಯೊಗಳಲ್ಲಿ ಆಗೋದೇ ಬೇರೆ. ತೇರು ಮುಂದೆ ಸಾಗಿರುತ್ತೆ, ಹೂವು ಅದರ ಹಿಂದಿನ ಖಾಲಿ ಜಾಗದಲ್ಲಿ ಬೀಳ್ತಿರುತ್ತೆ. ದಂಪತಿ ವೇದಿಕೆಯಿಂದ ಇಳಿದು ಹೋಗಿರ್ತಾರೆ, ಅಕ್ಷತೆ ಕುರ್ಚಿ ಮೇಲೆ ಸುರೀತಿರುತ್ತೆ.

ಇದರಿಂದ ನಷ್ಟ ಇಬ್ಬರಿಗೂ ಐತಿ. ದುಡ್ಡು ಕೊಟ್ಟ ಅಂಗಡಿಯವರು "ಇದೇನ್ರಿ ಹಿಂಗ ಮಾಡೀರಿ" ಅಂತಾರೆ. ಎಡಿಟಿಂಗ್ ಹುಡುಗ ಅದೇ ದುಡ್ಡಿಗೆ ಮತ್ತೊಂದು ರಾತ್ರಿ ನಿದ್ದೆಗೆಡ್ತಾನೆ. ಮದುವೆ ವಿಡಿಯೊ ಆದ್ರಂತೂ ಆ ತಪ್ಪು ಮನೆಯಲ್ಲಿ ಜೀವನಪೂರ್ತಿ ಉಳಿಯುತ್ತೆ. ಹಂಗಾಗಿ ಈ ಹೂಮಳೆ ಹೆಂಗ ಕೆಲಸ ಮಾಡುತ್ತೆ, ಗುರಿ ಎಲ್ಲಿ ತಪ್ಪುತ್ತೆ, ಸರಿ ಮಾಡೋದು ಹೆಂಗ ಅನ್ನೋದನ್ನು ಮಾಡುವವರಿಗೂ ಮಾಡಿಸುವವರಿಗೂ ತಿಳಿಯೋ ಹಾಗೆ ಇಲ್ಲಿ ಬರೆದಿದ್ದೇವೆ.

ಪಾರ್ಟಿಕಲ್ ಅಂದ್ರೆ ಏನು?

ವಿಡಿಯೊದಲ್ಲಿ ಬೀಳೋ ಒಂದೊಂದು ಹೂವನ್ನೂ ಯಾರೂ ಕೈಯಿಂದ ಇಟ್ಟಿರೋದಿಲ್ಲ. ಸಾಫ್ಟ್‌ವೇರ್‌ನಲ್ಲಿ "ಎಮಿಟರ್" ಅಂತ ಒಂದು ಜಾಗ ಇರುತ್ತೆ. ಅದನ್ನು ಹೂವು ಹುಟ್ಟೋ ಬಾಯಿ ಅಂದುಕೊಳ್ಳಿ. ಅಲ್ಲಿಂದ ಸೆಕೆಂಡಿಗೆ ಎಷ್ಟು ಹೂವು ಹುಟ್ಟಬೇಕು, ಯಾವ ದಿಕ್ಕಿಗೆ ಹೋಗಬೇಕು, ಎಷ್ಟು ವೇಗ, ಎಷ್ಟು ಹೊತ್ತು ಬದುಕಬೇಕು, ಕೆಳಗೆ ಎಳೆಯೋ ಗುರುತ್ವ ಎಷ್ಟು, ಗಾಳಿಯ ತಡೆ ಎಷ್ಟು ಅಂತ ನಾವು ಹೇಳ್ತೇವೆ. ಉಳಿದದ್ದನ್ನು ಕಂಪ್ಯೂಟರ್ ಲೆಕ್ಕ ಹಾಕುತ್ತೆ. ಹಿಂಗೆ ಹುಟ್ಟಿ, ಹಾರಿ, ಮಾಯ ಆಗೋ ಒಂದೊಂದು ಕಣಕ್ಕೂ ಪಾರ್ಟಿಕಲ್ ಅಂತ ಹೆಸರು. ಹೂವು, ಅಕ್ಕಿಕಾಳು, ಕಿಡಿ, ಹೊಗೆ, ಮಳೆ, ಭಂಡಾರದ ಧೂಳು ಎಲ್ಲಾನೂ ಇದರಲ್ಲೇ ಬರುತ್ತೆ.

ಇದು ಶುರುವಾಗಿದ್ದು ಹಾಲಿವುಡ್‌ನಲ್ಲಿ. 1982ರ "ಸ್ಟಾರ್ ಟ್ರೆಕ್ 2" ಸಿನಿಮಾದಲ್ಲಿ ಒಂದು ಗ್ರಹದ ಮೇಲೆ ಬೆಂಕಿ ಹಬ್ಬೋ ದೃಶ್ಯ ಐತಿ. ಅದಕ್ಕಾಗಿ ಲ್ಯೂಕಾಸ್‌ಫಿಲ್ಮ್‌ನಲ್ಲಿದ್ದ ವಿಲಿಯಂ ರೀವ್ಸ್ ಈ ಪದ್ಧತಿ ರೂಪಿಸಿ, 1983ರಲ್ಲಿ ಅದರ ಬಗ್ಗೆ ಲೇಖನ ಪ್ರಕಟಿಸಿದರು. ಮೋಷನ್ ಗ್ರಾಫಿಕ್ಸ್‌ನಲ್ಲಿ ಹೆಚ್ಚು ಬಳಕೆಯಲ್ಲಿರೋ ಆಫ್ಟರ್ ಎಫೆಕ್ಟ್ಸ್ ಬಂದಿದ್ದು 1993ರಲ್ಲಿ. ಆವತ್ತು ದೊಡ್ಡ ಸ್ಟುಡಿಯೊಗಳಿಗೆ ಮಾತ್ರ ಸಾಧ್ಯವಿದ್ದ ಕೆಲಸ ಇವತ್ತು ಬಸ್‌ಸ್ಟ್ಯಾಂಡ್ ಹತ್ತಿರದ ಸ್ಟುಡಿಯೊದ ಕಂಪ್ಯೂಟರ್‌ನಲ್ಲಿ ಆಗುತ್ತೆ.

ಗುರಿ ತಪ್ಪೋದು ಎಲ್ಲಿ?

ಗವಿಮಠದ ಜಾತ್ರೆಯಲ್ಲಿ ತೇರಿಗೆ ಉತ್ತತ್ತಿ ಎಸೆದವರಿಗೆ ಈ ವಿಷಯ ಸಾಫ್ಟ್‌ವೇರ್ ಕಲಿತವರಿಗಿಂತ ಬೇಗ ತಿಳಿಯುತ್ತೆ. ತೇರು ನಿಂತಿದ್ದರೆ ಕಳಸ ನೋಡಿ ಎಸೆದರೆ ಸಾಕು. ತೇರು ಸಾಗುತ್ತಿದ್ದರೆ? ಕೈ ಬಿಟ್ಟ ಉತ್ತತ್ತಿ ಅಲ್ಲಿಗೆ ಮುಟ್ಟೋ ಹೊತ್ತಿಗೆ ತೇರು ಮುಂದೆ ಹೋಗಿರುತ್ತೆ. ಅದಕ್ಕೆ ರೂಢಿ ಇದ್ದವರು ತೇರಿಗಿಂತ ಸ್ವಲ್ಪ ಮುಂದಕ್ಕೆ, ಸ್ವಲ್ಪ ಮೇಲಕ್ಕೆ ಗುರಿ ಇಟ್ಟು ಎಸೀತಾರೆ. ಜೋಳದ ಹೊಲದಲ್ಲಿ ಹಾರೋ ಹಕ್ಕಿಗೆ ಕವಣಿ ಬೀಸುವವರ ಲೆಕ್ಕವೂ ಇದೇ. ಓಡೋ ಬ್ಯಾಟ್ಸ್‌ಮನ್‌ನ ರನ್‌ಔಟ್ ಮಾಡಬೇಕಾದರೆ ಫೀಲ್ಡರ್ ಚೆಂಡನ್ನು ಸ್ಟಂಪ್ ಕಡೆ ಎಸೀತಾನೆ, ಓಡೋ ಮನುಷ್ಯನ ಬೆನ್ನಿಗಲ್ಲ.

ಸಾಫ್ಟ್‌ವೇರ್‌ನ ಹೂವಿಗೆ ಈ ರೂಢಿ ಇಲ್ಲ. ಅದು ಹುಟ್ಟಿದ ಕ್ಷಣಕ್ಕೆ ಕೊಟ್ಟ ದಿಕ್ಕು, ಕೊಟ್ಟ ವೇಗ ಹಿಡಿದು ಹೊರಟುಬಿಡುತ್ತೆ. ನಡುವೆ ತೇರು ಎಲ್ಲಿದೆ ಅಂತ ತಿರುಗಿ ನೋಡೋದಿಲ್ಲ. ಎಡಿಟರ್ ತೇರು ಇದ್ದ ಜಾಗಕ್ಕೆ ಗುರಿ ಇಟ್ಟಿರ್ತಾನೆ, ಹೂವು ನಿಯತ್ತಿನಿಂದ ಅದೇ ಜಾಗಕ್ಕೆ ಹೋಗಿ ಬೀಳುತ್ತೆ. ತಪ್ಪಿದ್ದು ಹೂವಲ್ಲ, ಹೂವು ಹಾರೋ ಸಮಯವನ್ನು ಲೆಕ್ಕಕ್ಕೆ ಹಿಡಿಯದೇ ಇದ್ದದ್ದು.

ಲೆಕ್ಕ ಮಾಡಿ ನೋಡೋಣ

ವಿಡಿಯೊ ಅಳತೆ 1920 ಅಡ್ಡ, 1080 ಎತ್ತರ ಪಿಕ್ಸೆಲ್ ಅಂತ ಇಟ್ಟುಕೊಳ್ಳಿ. ಅಡ್ಡ ಅಳತೆ ಎಡಗಡೆಯಿಂದ, ಎತ್ತರದ ಅಳತೆ ಮೇಲಿನಿಂದ ಕೆಳಕ್ಕೆ. ತೇರಿನ ಕಳಸ ಈಗ ಎಡಗಡೆಯಿಂದ 600ನೇ ಪಿಕ್ಸೆಲ್‌ನಲ್ಲಿ, ಮೇಲಿನಿಂದ 600 ಪಿಕ್ಸೆಲ್ ಕೆಳಗೆ ಐತಿ. ತೇರು ಸೆಕೆಂಡಿಗೆ 100 ಪಿಕ್ಸೆಲ್‌ನಂತೆ ಬಲಕ್ಕೆ ಹೋಗ್ತಾ ಐತಿ. ಹೂವು ಹುಟ್ಟೋದು ಪರದೆಯ ಮೇಲಂಚಿನಲ್ಲಿ, 1000ನೇ ಪಿಕ್ಸೆಲ್‌ನಲ್ಲಿ. ಹೂವು ಕೆಳಗೆ ಬರೋಕೆ 2 ಸೆಕೆಂಡ್ ಬೇಕು.

ಈಗಿನ ಕಳಸಕ್ಕೆ, ಅಂದ್ರೆ 600ಕ್ಕೆ ಗುರಿ ಇಟ್ಟರೆ ಹೂವು ಸರಿಯಾಗಿ 600ಕ್ಕೇ ಬರುತ್ತೆ. ಆದರೆ 2 ಸೆಕೆಂಡ್ ಕಳೆದಿದ್ದರಿಂದ ಕಳಸ ಆಗಲೇ 800ಕ್ಕೆ ಹೋಗಿರುತ್ತೆ. 200 ಪಿಕ್ಸೆಲ್ ಅಂತರ ಅಂದ್ರೆ ಪರದೆಯ ಅಗಲದ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು. ಮೊಬೈಲ್‌ನಲ್ಲಿ ನೋಡೋ ಚಿಕ್ಕ ಮಗುವಿಗೂ ಇದು ಕಾಣುತ್ತೆ.

ಸರಿಯಾದ ಲೆಕ್ಕ ಹಿಂಗೆ: ಗುರಿ ಇಡಬೇಕಾದದ್ದು 800ಕ್ಕೆ. ಹೂವು 1000ದಿಂದ 800ಕ್ಕೆ, ಅಂದ್ರೆ 200 ಪಿಕ್ಸೆಲ್ ಎಡಕ್ಕೆ, 2 ಸೆಕೆಂಡ್‌ನಲ್ಲಿ ಬರಬೇಕು. ಅಡ್ಡ ವೇಗ ಸೆಕೆಂಡಿಗೆ 100 ಪಿಕ್ಸೆಲ್, ಎಡಕ್ಕೆ.

ಇನ್ನು ಕೆಳಕ್ಕೆ ಬರೋ ವೇಗ. 600 ಪಿಕ್ಸೆಲ್ ದೂರ, 2 ಸೆಕೆಂಡ್. ಹಂಗಾದ್ರೆ ಸೆಕೆಂಡಿಗೆ 300 ಅಂತ ಕೊಟ್ಟರೆ ಆಯ್ತಲ್ಲ ಅಂತೀರಿ. ಗುರುತ್ವ ಸೊನ್ನೆ ಇದ್ದರೆ ಹೌದು. ಆದರೆ ಹೂವು ಸಹಜವಾಗಿ ಬೀಳೋ ಹಾಗೆ ಕಾಣಲಿ ಅಂತ ನಾವು ಗುರುತ್ವ ಹಾಕಿರ್ತೇವೆ. ಅದು 200 ಅಂತ ಇಟ್ಟರೆ, 2 ಸೆಕೆಂಡ್‌ನಲ್ಲಿ ಗುರುತ್ವ ಒಂದೇ ಹೂವನ್ನು 400 ಪಿಕ್ಸೆಲ್ ಕೆಳಗೆ ಎಳೆದಿರುತ್ತೆ (ಗುರುತ್ವದ ಅರ್ಧವನ್ನು ಸಮಯದಿಂದ ಎರಡು ಸಲ ಗುಣಿಸಬೇಕು: 100 × 2 × 2). ಉಳಿದದ್ದು 200 ಪಿಕ್ಸೆಲ್ ಮಾತ್ರ. ಹಂಗಾಗಿ ಶುರುವಿನ ವೇಗ ಸೆಕೆಂಡಿಗೆ 100 ಸಾಕು. 300 ಕೊಟ್ಟರೆ ಹೂವು ಕಳಸ ದಾಟಿ 400 ಪಿಕ್ಸೆಲ್ ಕೆಳಗೆ, ಜನರ ತಲೆ ಮೇಲೆ ಹೋಗಿರುತ್ತೆ.

ಒಟ್ಟು ಸೂತ್ರ ಇಷ್ಟೇ. ಮೊದಲು ಹಾರೋ ಸಮಯ ಎಷ್ಟು ಅಂತ ನಿರ್ಧಾರ ಮಾಡಿ. ಅಷ್ಟು ಸಮಯದ ನಂತರ ಗುರಿ ಎಲ್ಲಿರುತ್ತೆ ಅಂತ ನೋಡಿ. ದೂರವನ್ನು ಸಮಯದಿಂದ ಭಾಗಿಸಿ. ಕೆಳಗಿನ ದಿಕ್ಕಿಗೆ ಗುರುತ್ವದ ಪಾಲನ್ನು ಕಳೆಯಿರಿ. ಗಾಳಿಯ ತಡೆ ಹಾಕಿದ್ದರೆ ಮಾತ್ರ ಈ ಲೆಕ್ಕ ಸರಿಯಾಗಿ ಕೂಡೋದಿಲ್ಲ, ಅದಕ್ಕೆ ಮೊದಲು ಗಾಳಿ ಸೊನ್ನೆ ಇಟ್ಟು ಗುರಿ ಕೂಡಿಸಿ, ಆಮೇಲೆ ಸ್ವಲ್ಪ ಸ್ವಲ್ಪ ಗಾಳಿ ಸೇರಿಸಿ.

ಎಡಿಟರ್‌ಗೆ ಮುಂದಿನದು ಮೊದಲೇ ಗೊತ್ತು

ಉತ್ತತ್ತಿ ಎಸೆಯುವವರಿಗಿಂತ ಎಡಿಟರ್‌ಗೆ ಒಂದು ದೊಡ್ಡ ಅನುಕೂಲ ಐತಿ. ಜಾತ್ರೆಯಲ್ಲಿ ನಿಂತವರಿಗೆ ತೇರು ಇನ್ನೆರಡು ಸೆಕೆಂಡಿಗೆ ಎಲ್ಲಿರುತ್ತೆ ಅನ್ನೋದು ಅಂದಾಜು. ಹಗ್ಗ ಎಳೆಯುವವರು ನಿಂತರೆ ತೇರೂ ನಿಲ್ಲುತ್ತೆ. ಎಡಿಟರ್ ಕೈಯಲ್ಲಿರೋದು ಆಗಲೇ ಶೂಟ್ ಆದ ವಿಡಿಯೊ. ಎರಡು ಸೆಕೆಂಡ್ ನಂತರ ತೇರು ಎಲ್ಲಿದೆ ಅನ್ನೋದು ಟೈಮ್‌ಲೈನ್‌ನಲ್ಲೇ ಐತಿ. ಅಂದಾಜು ಮಾಡೋ ಅಗತ್ಯವೇ ಇಲ್ಲ, ಮುಂದೆ ಎಳೆದು ನೋಡಿದರೆ ಮುಗೀತು.

ನಮ್ಮ ಜಿಲ್ಲೆಗೆ ಇದು ಹೊಸ ವಿದ್ಯೆಯೇನಲ್ಲ. ಕೊಪ್ಪಳ ತಾಲ್ಲೂಕಿನ ಮೋರನಾಳ ಗ್ರಾಮದ ತೊಗಲುಗೊಂಬೆ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಘೋಷಣೆ ಆಗಿದ್ದು ಎಲ್ಲರಿಗೂ ಗೊತ್ತು. ತೊಗಲುಗೊಂಬೆ ಆಟದ ಯುದ್ಧ ನೆನಪು ಮಾಡ್ಕೊಳ್ಳಿ. ಬಾಣವೂ ಆಡಿಸುವವರ ಕೈಯಲ್ಲೇ, ಬಾಣ ಬೀಳೋ ಗೊಂಬೆಯೂ ಆಡಿಸುವವರ ಕೈಯಲ್ಲೇ. ಯಾವುದು ಎಲ್ಲಿ ಬಂದು ಸೇರಬೇಕು ಅನ್ನೋದು ಪರದೆ ಹಿಂದೆ ಮೊದಲೇ ತೀರ್ಮಾನ ಆಗಿರುತ್ತೆ. ಅದಕ್ಕೇ ಅಲ್ಲಿ ಬಾಣ ಗುರಿ ತಪ್ಪೋದಿಲ್ಲ. ಎಡಿಟಿಂಗ್‌ನಲ್ಲೂ ಹಂಗೇ: ಸೇರೋ ಜಾಗ ಮೊದಲು ಗೊತ್ತು ಮಾಡ್ಕೊಂಡು, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಬೇಕು.

ಮೊದಲ ಕೆಲಸ: ಗುರಿಯನ್ನು ಗುರುತಿಸೋದು

ಗುರಿ ಎಲ್ಲಿ ಓಡಾಡ್ತಿದೆ ಅನ್ನೋದು ಸಾಫ್ಟ್‌ವೇರ್‌ಗೆ ತಾನಾಗಿ ತಿಳಿಯೋದಿಲ್ಲ, ನಾವು ತಿಳಿಸಬೇಕು. ಇದಕ್ಕೆ ಟ್ರ್ಯಾಕಿಂಗ್ ಅಂತಾರೆ. ತೇರಿನಲ್ಲಿ ಎದ್ದು ಕಾಣೋ ಒಂದು ಚುಕ್ಕಿ ಆರಿಸಿಕೊಳ್ಳಬೇಕು. ಕಳಸ ಒಳ್ಳೆಯದು, ಯಾಕಂದ್ರೆ ಅದು ಹೊಳೆಯುತ್ತೆ, ಹಿಂದೆ ಆಕಾಶ ಇರುತ್ತೆ. ಅಲುಗಾಡೋ ಬಾವುಟ, ತೂಗಾಡೋ ಹೂವಿನ ಹಾರ ಹಿಡಿದರೆ ಟ್ರ್ಯಾಕ್ ಕೂಡ ಅದರ ಜೊತೆ ಅಲುಗಾಡುತ್ತೆ. ಮದುವೆ ವಿಡಿಯೊದಲ್ಲಿ ಬಾಸಿಂಗ ಅಥವಾ ಪೇಟದ ಅಂಚು, ಟ್ರ್ಯಾಕ್ಟರ್ ಆದರೆ ಹೆಡ್‌ಲೈಟ್ ಒಳ್ಳೆಯ ಗುರುತು.

ಟ್ರ್ಯಾಕ್ ಆದ ಚಲನೆಯನ್ನು ಕಣ್ಣಿಗೆ ಕಾಣದ ಒಂದು ಖಾಲಿ ಲೇಯರ್‌ಗೆ ಹಚ್ಚಬೇಕು. ಆಫ್ಟರ್ ಎಫೆಕ್ಟ್ಸ್‌ನಲ್ಲಿ ಅದಕ್ಕೆ ನಲ್ ಅಂತಾರೆ. ಇನ್ನು ಮುಂದೆ ನಮ್ಮ ಗುರಿ ಅಂದ್ರೆ ಆ ನಲ್. ಮೊಬೈಲ್ ಆ್ಯಪ್‌ನಲ್ಲಿ ಟ್ರ್ಯಾಕಿಂಗ್ ಸಿಗದಿದ್ದರೆ ಕೈಯಿಂದಲೇ ಕೀಫ್ರೇಮ್ ಹಾಕಿ. ತೇರು ನಿಧಾನಕ್ಕೆ ಸಾಗೋದರಿಂದ ಸೆಕೆಂಡಿಗೊಂದು ಕೀಫ್ರೇಮ್ ಬಹಳ ಸಲ ಸಾಕಾಗುತ್ತೆ.

ಗುರಿ ಮುಟ್ಟಿಸೋ ನಾಲ್ಕು ದಾರಿ

1. ಎಮಿಟರ್‌ನ್ನೇ ಗುರಿಗೆ ಕಟ್ಟೋದು. ಎಲ್ಲಕ್ಕಿಂತ ಸುಲಭ. ಹೂವು ಹುಟ್ಟೋ ಬಾಯನ್ನು ತೇರಿನ ನೆತ್ತಿಯ ಮೇಲೆ ಸ್ವಲ್ಪ ಎತ್ತರದಲ್ಲಿ ಇಟ್ಟು, ಅದನ್ನು ನಲ್‌ಗೆ ಜೋಡಿಸಿಬಿಡೋದು. ತೇರು ಎಲ್ಲಿ ಹೋದರೂ ಬಾಯಿ ಜೊತೆಗೆ ಹೋಗುತ್ತೆ. ದೂರ ಕಮ್ಮಿ ಇದ್ದಷ್ಟು ತಪ್ಪು ಕಮ್ಮಿ. ಅರ್ಧ ಸೆಕೆಂಡಿನಲ್ಲಿ ಬೀಳೋ ಹೂವಿಗೆ ಮೇಲಿನ ಲೆಕ್ಕದಲ್ಲಿ 50 ಪಿಕ್ಸೆಲ್ ಮಾತ್ರ ವ್ಯತ್ಯಾಸ, ತೇರಿನ ಅಗಲದಲ್ಲಿ ಅದು ಮುಚ್ಚಿಹೋಗುತ್ತೆ. ಅಂಗಡಿ ಲೋಗೊ, ಬೈಕ್, ನಡೆದು ಬರೋ ದಂಪತಿಗೆ ಈ ದಾರಿ ಸಾಕು.

2. ಮುಂದಿನ ಜಾಗಕ್ಕೆ ಗುರಿ ಇಡೋದು. ಮಹಡಿ ಮೇಲಿಂದ, ಹೆಲಿಕಾಪ್ಟರ್‌ನಿಂದ, ಜನರ ಕೈಯಿಂದ ಹೂವು ಬಂದು ಬೀಳಬೇಕು ಅಂದ್ರೆ ಎಮಿಟರ್ ದೂರದಲ್ಲಿ ಇರಲೇಬೇಕು. ಆಗ ಮೇಲೆ ಹೇಳಿದ ಲೆಕ್ಕವೇ ಗತಿ. ಆಫ್ಟರ್ ಎಫೆಕ್ಟ್ಸ್‌ನಲ್ಲಿ ಎಕ್ಸ್‌ಪ್ರೆಷನ್ ಬರೆಯೋರಿಗೆ "ವ್ಯಾಲ್ಯೂ ಅಟ್ ಟೈಮ್" ಅನ್ನೋ ಆಜ್ಞೆ ಐತಿ. "ಈಗಿನ ಸಮಯಕ್ಕೆ 2 ಸೆಕೆಂಡ್ ಕೂಡಿಸಿ, ಆವಾಗ ನಲ್ ಎಲ್ಲಿರುತ್ತೆ ಹೇಳು" ಅಂತ ಕೇಳಿದರೆ ಅದು ಜಾಗ ಹೇಳುತ್ತೆ. ಆ ಜಾಗಕ್ಕೆ ದಿಕ್ಕು ಕೊಟ್ಟರೆ ಆಯ್ತು. ಒಂದು ಎಚ್ಚರಿಕೆ: ಹೂವಿನ ಆಯಸ್ಸು ಹಾರೋ ಸಮಯಕ್ಕಿಂತ ಕಮ್ಮಿ ಇರಬಾರದು. 2 ಸೆಕೆಂಡ್ ದಾರಿಗೆ ಒಂದೂವರೆ ಸೆಕೆಂಡ್ ಆಯಸ್ಸು ಕೊಟ್ಟರೆ ಹೂವು ನಡುದಾರಿಯಲ್ಲೇ ಮಾಯ ಆಗುತ್ತೆ.

3. ಗುರಿಯೇ ಹೂವನ್ನು ಎಳೆದುಕೊಳ್ಳೋ ಹಾಗೆ ಮಾಡೋದು. ಗುರಿಯ ಜಾಗದಲ್ಲಿ ಒಂದು ಸೆಳೆತ ಇಟ್ಟರೆ ಹೂವು, ಮಿಂಚು ಅದರ ಕಡೆ ತಿರುಗುತ್ತೆ. ಆ್ಯಪಲ್‌ನ ಮೋಷನ್ ಸಾಫ್ಟ್‌ವೇರ್‌ನಲ್ಲಿ "ಅಟ್ರಾಕ್ಟೆಡ್ ಟು", ಡಾವಿಂಚಿ ರಿಸಾಲ್ವ್ ಒಳಗಿನ ಫ್ಯೂಷನ್‌ನಲ್ಲಿ "ಪಿ-ಫಾಲೋ", "ಪಿ-ಪಾಯಿಂಟ್ ಫೋರ್ಸ್" ಇದೇ ಕೆಲಸ ಮಾಡ್ತಾವೆ. ಬ್ಲೆಂಡರ್‌ನಲ್ಲಿ ಫೋರ್ಸ್ ಫೀಲ್ಡ್‌ಗೆ ಮೈನಸ್ ಸಂಖ್ಯೆ ಕೊಟ್ಟರೆ ಅದು ತಳ್ಳೋ ಬದಲು ಎಳೆಯುತ್ತೆ.

ಆದರೆ ಇದರ ಗುಣ ತಿಳಿದಿರಬೇಕು. ಓಡೋ ಬೈಕ್ ಹಿಂದೆ ನಾಯಿ ಅಟ್ಟಿಸಿಕೊಂಡು ಹೋಗೋದನ್ನು ನೋಡಿರ್ತೀರಿ. ಅದು ಬೈಕ್ ಈಗ ಎಲ್ಲಿದೆಯೋ ಆ ಕಡೆಗೇ ಓಡುತ್ತೆ, ಅದಕ್ಕೇ ಅದರ ದಾರಿ ಬಾಗುತ್ತಾ ಬಾಗುತ್ತಾ ಕೊನೆಗೆ ಬೈಕ್‌ನ ಹಿಂದಿನ ಗಾಲಿ ಹತ್ತಿರ ಬರುತ್ತೆ. ಸೆಳೆತದ ಹೂವೂ ಹಂಗೇ. ಸೆಳೆತ ಕಮ್ಮಿ ಆದರೆ ಹಿಂದೆ ಉಳಿಯುತ್ತೆ. ಜಾಸ್ತಿ ಆದರೆ ವೇಗದಲ್ಲಿ ಗುರಿ ದಾಟಿ ಹೋಗಿ, ಮತ್ತೆ ತಿರುಗಿ ಬಂದು, ದೀಪದ ಸುತ್ತ ಹುಳ ಸುತ್ತಿದ ಹಾಗೆ ಸುತ್ತೋಕೆ ಶುರು ಮಾಡುತ್ತೆ. ಅದಕ್ಕೆ ಸೆಳೆತದ ಜೊತೆ ಯಾವಾಗಲೂ ಗಾಳಿಯ ತಡೆ ಕೊಡಬೇಕು. ತಡೆ ಇದ್ದರೆ ಹೂವು ಹತ್ತಿರ ಬಂದಂತೆ ಹದಕ್ಕೆ ಬರುತ್ತೆ. ಬ್ಲೆಂಡರ್‌ನ ಬಾಯ್ಡ್ಸ್‌ನಲ್ಲಿ ಗುರಿ ಮುಂದೆ ಎಲ್ಲಿಗೆ ಹೋಗುತ್ತೆ ಅಂತ ಊಹಿಸೋ "ಪ್ರೆಡಿಕ್ಟ್" ಅನ್ನೋ ಆಯ್ಕೆಯೂ ಐತಿ.

ದೈವದ ಮೂರ್ತಿಗೆ ಬೆಳಕಿನ ಕಣ ಬಂದು ಸೇರೋದು, ಅಕ್ಷರ ಕೂಡಿ ಅಂಗಡಿ ಹೆಸರಾಗೋದು ಇಂಥದ್ದಕ್ಕೆ ಈ ದಾರಿ ಚೆಂದ. ಖರೇ ಹೂವಿನ ಹಾಗೆ ಕಾಣಬೇಕಾದ ಕಡೆ ಬೇಡ. ಹೂವು ಗಾಳಿಯಲ್ಲಿ ತಿರುವು ತಗೊಂಡು ಬೆನ್ನಟ್ಟಿದರೆ ನೋಡೋರಿಗೆ ನಗು ಬರುತ್ತೆ.

4. ಉಲ್ಟಾ ಓಡಿಸೋದು. ಲೆಕ್ಕ ಬೇಡ, ಗುರಿಯೂ ತಪ್ಪಬಾರದು ಅನ್ನೋರಿಗೆ ಇದು ಒಳ್ಳೆ ಉಪಾಯ. ತೇರಿನ ಚಲನೆಯ ಕೀಫ್ರೇಮ್‌ಗಳನ್ನು ಹಿಂದುಮುಂದು ಮಾಡಿ. ಎಮಿಟರ್‌ನ್ನು ಗುರಿಗೇ ಕಟ್ಟಿ ಹೂವನ್ನು ಅಲ್ಲಿಂದ ಆಕಾಶಕ್ಕೆ ಚಿಮ್ಮಿಸಿ. ಆ ಲೇಯರ್‌ನ್ನು ಮಾತ್ರ ಒಟ್ಟು ಮಾಡಿ ಉಲ್ಟಾ ಓಡಿಸಿ, ಮೂಲ ವಿಡಿಯೊ ಮೇಲೆ ಇಡಿ. ಈಗ ಆಕಾಶದಿಂದ ಬಂದ ಪ್ರತಿ ಹೂವೂ ಆ ಕ್ಷಣಕ್ಕೆ ಗುರಿ ಎಲ್ಲಿತ್ತೋ ಅಲ್ಲೇ ಬಂದು ಸೇರುತ್ತೆ, ಯಾಕಂದ್ರೆ ಅದು ಹುಟ್ಟಿದ್ದೇ ಅಲ್ಲಿ.

ಇದರಲ್ಲಿ ನಾಲ್ಕು ವಿಷಯ ನೆನಪಿಡಬೇಕು. ಗುರುತ್ವವನ್ನು ಎಂದಿನಂತೆ ಕೆಳಮುಖವಾಗಿಯೇ ಇಡಿ. ಮೇಲೆ ಎಸೆದ ಕಲ್ಲಿನ ದಾರಿಯನ್ನು ಉಲ್ಟಾ ನೋಡಿದರೂ ಅದು ಬೀಳೋ ಕಲ್ಲಿನ ದಾರಿಯೇ ಆಗಿರುತ್ತೆ. ಗಾಳಿಯ ತಡೆ ಸೊನ್ನೆ ಮಾಡಿ, ಇಲ್ಲದಿದ್ದರೆ ಉಲ್ಟಾ ಓಡಿಸಿದಾಗ ಹೂವು ಬೀಳುತ್ತಾ ಬೀಳುತ್ತಾ ಯಾರೋ ತಳ್ಳಿದ ಹಾಗೆ ಜೋರಾಗುತ್ತೆ. ಎಮಿಟರ್ ಓಡೋ ವೇಗ ಹೂವಿಗೆ ಹತ್ತೋ ಆಯ್ಕೆ ಇದ್ದರೆ ಅದನ್ನು ಸೊನ್ನೆ ಮಾಡಿ. ಆಯಸ್ಸನ್ನು ಹೂವು ಪರದೆಯಿಂದ ಆಚೆ ಹೋಗೋವರೆಗೂ ಕೊಡಿ. ಇಲ್ಲಾಂದ್ರೆ ಉಲ್ಟಾ ಆದಾಗ ಆಕಾಶದ ನಡುವೆ ಇದ್ದಕ್ಕಿದ್ದಂತೆ ಹೂವು ಪ್ರತ್ಯಕ್ಷ ಆಗುತ್ತೆ.

ಕ್ಯಾಮೆರಾನೂ ತಿರುಗ್ತಿದ್ದರೆ?

ಬಹಳ ಮಂದಿ ಎಡವೋದು ಇಲ್ಲೇ. ಕ್ಯಾಮೆರಾದವರು ತೇರಿನ ಜೊತೆ ಕ್ಯಾಮೆರಾ ತಿರುಗಿಸ್ತಾ ಹೋಗಿರ್ತಾರೆ, ಇಲ್ಲಾ ಡ್ರೋನ್ ತೇರಿನ ಜೊತೆಗೇ ಹಾರಿರುತ್ತೆ. ಆಗ ಪರದೆಯಲ್ಲಿ ತೇರು ನಡುವೆ ನಿಂತ ಹಾಗೇ ಕಾಣುತ್ತೆ. ಹಿಂದಿನ ಕಟ್ಟಡ, ಲೈಟ್ ಕಂಬ, ಜನ ಓಡ್ತಿರ್ತಾರೆ. ತೇರು ನಿಂತೈತಲ್ಲ ಅಂತ ನೇರ ಕೆಳಗೆ ಹೂವು ಬಿಟ್ಟರೆ ಹೂವು ತೇರಿಗೆ ತಾಗುತ್ತೆ, ಆದರೆ ಕನ್ನಡಿ ಮೇಲೆ ಅಂಟಿಸಿದ ಸ್ಟಿಕ್ಕರ್ ಹಾಗೆ ಕಾಣುತ್ತೆ. ಹೂವು ಜಾತ್ರೆ ಬಯಲಿನಲ್ಲಿ ಬೀಳ್ತಿಲ್ಲ, ಮೊಬೈಲ್ ಗಾಜಿನ ಮೇಲೆ ಬೀಳ್ತಿದೆ ಅನ್ಸುತ್ತೆ.

ಇಲ್ಲಿ ಎರಡು ಓಟ ಬೇರೆ ಬೇರೆ ಮಾಡಬೇಕು: ಒಂದು ಕ್ಯಾಮೆರಾದ್ದು, ಇನ್ನೊಂದು ತೇರಿನದ್ದು. ಮೊದಲು ಜಾಗ ಬಿಟ್ಟು ಕದಲದ ವಸ್ತುವನ್ನು, ಅಂದ್ರೆ ಗೋಡೆ, ಕಂಬ ಇಂಥದ್ದನ್ನು ಟ್ರ್ಯಾಕ್ ಮಾಡಿ. ಹೂವಿನ ಇಡೀ ಲೋಕವನ್ನು ಅದಕ್ಕೆ ಕಟ್ಟಿ. ಆ ಲೋಕದೊಳಗೆ ತೇರು ಹೆಂಗ ಸಾಗ್ತಿದೆ ಅಂತ ನೋಡಿ ಗುರಿ ಇಡಿ. ಕೆಲಸ ಎರಡು ಪಟ್ಟು ಆಗುತ್ತೆ ನಿಜ. ಅದಕ್ಕೇ ಹೂಮಳೆ ಹಾಕೋದು ಮೊದಲೇ ಗೊತ್ತಿದ್ದರೆ ಸ್ಟ್ಯಾಂಡ್ ಮೇಲೆ ಕ್ಯಾಮೆರಾ ಕದಲದ ಹಾಗೆ ಇಟ್ಟು ಒಂದು ಶಾಟ್ ತೆಗೆದಿಟ್ಟುಕೊಳ್ಳಬೇಕು. ಶೂಟಿಂಗ್‌ನಲ್ಲಿ ಉಳಿಸಿದ ಐದು ನಿಮಿಷ ಎಡಿಟಿಂಗ್‌ನಲ್ಲಿ ಐದು ತಾಸು ತಿನ್ನುತ್ತೆ.

ತಾಗಿದ ಮೇಲೆ ಏನಾಗಬೇಕು?

ಗುರಿ ಮುಟ್ಟಿತು ಅಂತ ಕೆಲಸ ಮುಗಿಯೋದಿಲ್ಲ. ತೇರಿಗೆ ತಾಗಿದ ಹೂವು ಅಲ್ಲೇ ಮಾಯ ಆಗಬಾರದು, ತೇರನ್ನು ತೂರಿಕೊಂಡು ಆಚೆಗೂ ಹೋಗಬಾರದು. ತಾಗೋ ಜಾಗದಲ್ಲಿ ಎರಡನೇ ಚಿಕ್ಕ ಎಮಿಟರ್ ಇಟ್ಟು, ಬೆರಳೆಣಿಕೆಯ ಎಸಳು ಸಿಡಿದು ಕೆಳಗೆ ಜಾರೋ ಹಾಗೆ ಮಾಡಿದರೆ ನೋಡೋ ಕಣ್ಣು ಒಪ್ಪುತ್ತೆ. ಫ್ಯೂಷನ್‌ನಲ್ಲಿ ಒಂದು ಕಣದಿಂದ ಇನ್ನಷ್ಟು ಕಣ ಹುಟ್ಟಿಸೋಕೆ "ಪಿ-ಸ್ಪಾನ್" ಇದೆ.

ಎಲ್ಲಾ ಹೂವೂ ಒಂದೇ ಚುಕ್ಕಿಗೆ ಬಿದ್ದರೆ ಅದೂ ಸುಳ್ಳಾಗಿ ಕಾಣುತ್ತೆ. ನೂರು ಮಂದಿ ಎಸೆದ ಉತ್ತತ್ತಿಯಲ್ಲಿ ಕಳಸಕ್ಕೆ ತಾಗೋದು ಕೆಲವು ಮಾತ್ರ. ಗುರಿಯನ್ನು ಚುಕ್ಕಿ ಮಾಡದೆ, ತೇರಿನ ಅಗಲದಷ್ಟು ಒಂದು ವೃತ್ತ ಮಾಡಿ. ವೇಗದಲ್ಲೂ ಒಂದಕ್ಕೊಂದು ಸ್ವಲ್ಪ ಹೆಚ್ಚು ಕಮ್ಮಿ ಇರಲಿ. ಹೂವನ್ನು ಎರಡು ಲೇಯರ್ ಮಾಡಿ, ಒಂದು ತೇರಿನ ಮುಂದೆ, ಇನ್ನೊಂದು ತೇರಿನ ಹಿಂದೆ ಇಟ್ಟರೆ ಆಳ ಬರುತ್ತೆ.

ಕಂಪ್ಯೂಟರ್ ಹ್ಯಾಂಗ್ ಆಗೋದಕ್ಕೂ ಒಂದು ಲೆಕ್ಕ ಐತಿ. ಸೆಕೆಂಡಿಗೆ 200 ಹೂವು, ಒಂದೊಂದಕ್ಕೆ 3 ಸೆಕೆಂಡ್ ಆಯಸ್ಸು ಅಂದ್ರೆ ಪರದೆಯಲ್ಲಿ ಒಂದೇ ಸಲಕ್ಕೆ 600 ಹೂವು ಇರ್ತಾವೆ. ಗುರಿ ಕೂಡಿಸೋವರೆಗೆ ಸೆಕೆಂಡಿಗೆ 10 ಹೂವು ಇಟ್ಟು ಕೆಲಸ ಮಾಡಿ. ಹತ್ತು ಹೂವು ಸರಿಯಾಗಿ ಬಿದ್ದರೆ ಇನ್ನೂರೂ ಸರಿಯಾಗೇ ಬೀಳ್ತಾವೆ. ರೆಂಡರ್ ಮಾಡೋ ಮುಂಚೆ ಸಂಖ್ಯೆ ಏರಿಸಿ.

ಎಲ್ಲಿ ತಪ್ಪಿದೆ ಅಂತ ಕಂಡುಹಿಡಿಯೋದು ಹೆಂಗ?

• ಹೂವು ಯಾವಾಗಲೂ ಗುರಿಯ ಹಿಂದೆ ಬೀಳ್ತಿದ್ದರೆ: ಹಾರೋ ಸಮಯ ಲೆಕ್ಕಕ್ಕೆ ಹಿಡಿದಿಲ್ಲ.
• ಗುರಿಯ ಕೆಳಗೆ ಬೀಳ್ತಿದ್ದರೆ: ಗುರುತ್ವದ ಪಾಲು ಕಳೆದಿಲ್ಲ.
• ನಡುದಾರಿಯಲ್ಲಿ ಮಾಯ ಆದರೆ: ಆಯಸ್ಸು ಸಾಲದು.
• ಗುರಿಯ ಸುತ್ತ ಸುತ್ತುತ್ತಿದ್ದರೆ: ಸೆಳೆತ ಜಾಸ್ತಿ, ಗಾಳಿಯ ತಡೆ ಕಮ್ಮಿ.
• ಎಲ್ಲಾ ಹೂವು ನಡುಗುತ್ತಿದ್ದರೆ: ಟ್ರ್ಯಾಕ್ ಅಲುಗಾಡಿದೆ, ಚುಕ್ಕಿ ಬದಲಿಸಿ.
• ಗಾಜಿನ ಮೇಲೆ ಅಂಟಿದ ಹಾಗೆ ಕಂಡರೆ: ಕ್ಯಾಮೆರಾ ಚಲನೆ ಬಿಟ್ಟುಹೋಗಿದೆ.
• ಗುರಿ ತಿರುಗಿದಾಗ ಮಾತ್ರ ತಪ್ಪುತ್ತಿದ್ದರೆ: ನೇರ ಹೋಗುತ್ತೆ ಅಂತ ಅಂದಾಜು ಮಾಡಿದ್ದೀರಿ, ಟೈಮ್‌ಲೈನ್‌ನಲ್ಲಿನ ಖರೇ ಜಾಗ ತಗೊಳ್ಳಿ.

ಯಾವ ಸಾಫ್ಟ್‌ವೇರ್?

ಆಫ್ಟರ್ ಎಫೆಕ್ಟ್ಸ್‌ಗೆ ಚಂದಾ ಕಟ್ಟಬೇಕು. ಅದಕ್ಕೆ ಬಹಳ ಮಂದಿ ಹಾಕಿಕೊಳ್ಳೋ ಪರ್ಟಿಕ್ಯುಲರ್ ಅನ್ನೋ ಪ್ಲಗ್‌ಇನ್‌ಗೂ ಬೇರೆ ದುಡ್ಡು. ಆ್ಯಪಲ್‌ನ ಮೋಷನ್‌ಗೆ ಮ್ಯಾಕ್ ಕಂಪ್ಯೂಟರ್ ಬೇಕು. ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಹಾಕಿಕೊಂಡರೆ ಕಾನೂನಿನ ತೊಂದರೆ ಒಂದು ಕಡೆ, ವೈರಸ್ ಬಂದು ಗಿರಾಕಿಗಳ ಮದುವೆ ಫೈಲ್ ಪೂರ್ತಿ ಹೋಗೋ ಅಪಾಯ ಇನ್ನೊಂದು ಕಡೆ. ದುಡ್ಡು ಕಟ್ಟೋಕೆ ಆಗದವರು ಕಳ್ಳದಾರಿ ಹಿಡಿಯೋ ಅಗತ್ಯ ಇಲ್ಲ. ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲೇ ಫ್ಯೂಷನ್ ಸಿಗುತ್ತೆ, ಅದರಲ್ಲಿ ಟ್ರ್ಯಾಕರ್ ಮತ್ತು ಪಾರ್ಟಿಕಲ್ ಎರಡೂ ಅದಾವೆ. ಬ್ಲೆಂಡರ್ ಪೂರ್ತಿ ಉಚಿತ. ಎರಡಕ್ಕೂ ಸ್ವಲ್ಪ ಗಟ್ಟಿ ಕಂಪ್ಯೂಟರ್ ಬೇಕು ಅನ್ನೋದು ಮಾತ್ರ ಖರೆ.

ಮೊಬೈಲ್‌ನಲ್ಲಿ ಕೈನ್‌ಮಾಸ್ಟರ್, ಅಲೈಟ್ ಮೋಷನ್ ಬಳಸೋರು ಹೆಚ್ಚಾಗಿ ರೆಡಿಮೇಡ್ ಹೂಮಳೆ ವಿಡಿಯೊವನ್ನು ಮೇಲೆ ಹೊದಿಸ್ತಾರೆ. ಅದರಲ್ಲಿ ಹೂವು ಎಲ್ಲಿ ಬೀಳಬೇಕು ಅನ್ನೋದು ಮೊದಲೇ ಮುಗಿದಿರುತ್ತೆ. ಆದರೂ ಆ ಹೊದಿಕೆಗೆ ಕೀಫ್ರೇಮ್ ಹಾಕಿ ಗುರಿಯ ಜೊತೆ ಸರಿಸಬಹುದು. ಆಗ ಒಂದನೇ ದಾರಿಯ ಅರ್ಧ ಲಾಭ ಸಿಗುತ್ತೆ.

ಈ ಕಲೆಗೆ ಹೊರಗೆ ಬೇಡಿಕೆಯೂ ಐತಿ. ಅನಿಮೇಷನ್, ವಿಷುವಲ್ ಎಫೆಕ್ಟ್ಸ್, ಗೇಮಿಂಗ್ ಕ್ಷೇತ್ರಕ್ಕೆ ಕರ್ನಾಟಕ ಸರ್ಕಾರ 2012ರಲ್ಲೇ ಪ್ರತ್ಯೇಕ ನೀತಿ ತಂದಿತ್ತು, 2024ರಿಂದ 2029ರವರೆಗಿನ ಹೊಸ ನೀತಿಯೂ ಬಂದಿದೆ. ಕಂಪನಿಗಳು ಹೆಚ್ಚಾಗಿ ಬೆಂಗಳೂರಿನಲ್ಲಿದ್ದರೂ, ಕೆಲಸ ಕೇಳೋಕೆ ಹೋದಾಗ ತೋರಿಸಬೇಕಾದದ್ದು ಟೆಂಪ್ಲೇಟ್ ಹಾಕಿದ ನೂರು ವಿಡಿಯೊ ಅಲ್ಲ, ಗುರಿ ತಪ್ಪದೆ ಮಾಡಿದ ಒಂದು ಹತ್ತು ಸೆಕೆಂಡಿನ ಶಾಟ್.

ಅಂಗಡಿಯವರು ದುಡ್ಡು ಕೊಡೋ ಮುಂಚೆ

ಮಾತಾಡುವಾಗಲೇ ಹೂಮಳೆ ರೆಡಿಮೇಡ್ ಹಾಕ್ತೀರೋ, ನಮ್ಮ ಶಾಟ್‌ಗೆ ಕೂಡಿಸಿ ಮಾಡ್ತೀರೋ ಅಂತ ಕೇಳಿ. ಎರಡಕ್ಕೂ ಹಿಡಿಯೋ ಸಮಯ ಬೇರೆ, ಹಂಗಾಗಿ ದುಡ್ಡೂ ಬೇರೆ ಇರೋದು ನ್ಯಾಯ. ರೆಡಿಮೇಡ್‌ನ ರೇಟು ಕೊಟ್ಟು ಕೈಕೆಲಸ ಕೇಳಬಾರದು. ಕೈಕೆಲಸದ ರೇಟು ತಗೊಂಡು ರೆಡಿಮೇಡ್ ಕೊಡಬಾರದು.

ಪೂರ್ತಿ ವಿಡಿಯೊಗಿಂತ ಮೊದಲು 5 ಸೆಕೆಂಡಿನ ಸ್ಯಾಂಪಲ್ ನೋಡಿ. ಎಷ್ಟು ಸಲ ತಿದ್ದಿಕೊಡ್ತಾರೆ ಅನ್ನೋದನ್ನು ವಾಟ್ಸ್‌ಆ್ಯಪ್‌ನಲ್ಲೇ ಬರೆಸಿಕೊಳ್ಳಿ. ಬಂದ ವಿಡಿಯೊವನ್ನು ಒಮ್ಮೆ ಧ್ವನಿ ಬಂದ್ ಮಾಡಿ ನೋಡಿ, ಹಾಡಿನ ಅಬ್ಬರದಲ್ಲಿ ತಪ್ಪು ಕಾಣೋದಿಲ್ಲ. ಅನುಮಾನ ಬಂದ ಕಡೆ ತಡೆದು ನಿಲ್ಲಿಸಿ, ಹೂವು ಎಲ್ಲಿದೆ, ನಿಮ್ಮ ಗಾಡಿ ಎಲ್ಲಿದೆ ಅಂತ ಬೆರಳಿಟ್ಟು ನೋಡಿ. "ಚೆಂದ ಬಂದಿಲ್ಲ" ಅಂತ ಹೇಳೋದಕ್ಕಿಂತ "12ನೇ ಸೆಕೆಂಡಿಗೆ ಹೂವು ಹಿಂದೆ ಬೀಳ್ತದ" ಅಂತ ಹೇಳಿದರೆ ಹುಡುಗರಿಗೂ ತಿದ್ದೋಕೆ ಹತ್ತು ನಿಮಿಷ ಸಾಕು.

ಒಂದು ಗೆರೆ ದಾಟಬಾರದು

ಜಾಹೀರಾತಿಗೆ, ಮದುವೆ ವಿಡಿಯೊಗೆ ಹೂಮಳೆ ಹಾಕೋದು ಅಲಂಕಾರ. ನಡೆದ ಘಟನೆಯ ವಿಡಿಯೊಗೆ ಹಾಕಿ, ಖರೇನೇ ಹೂಮಳೆ ಆಯ್ತು ಅಂತ ಹಂಚೋದು ಸುಳ್ಳು. ಮೆರವಣಿಗೆಯಲ್ಲಿ ನಾಲ್ಕು ಹಾರ ಬಿದ್ದಿದ್ದನ್ನು ನಾಲ್ಕು ಟ್ರ್ಯಾಕ್ಟರ್ ಹೂವು ಅಂತ ತೋರಿಸೋಕೆ ಇದೇ ವಿದ್ಯೆ ಸಾಕು. ಗುರಿ ಸರಿಯಾಗಿ ಕೂಡಿದಷ್ಟು ನೋಡೋರಿಗೆ ಸುಳ್ಳು ಪತ್ತೆ ಹಚ್ಚೋದು ಕಷ್ಟ. ಅಂಥ ವಿಡಿಯೊ ಮಾಡಿಕೊಟ್ಟರೆ ಮೂಲೆಯಲ್ಲಿ "ಗ್ರಾಫಿಕ್ಸ್" ಅಂತ ಒಂದು ಮಾತು ಬರೆಯಿರಿ. ಫಾರ್ವರ್ಡ್ ಬಂದ ವಿಡಿಯೊದಲ್ಲಿ ಅನುಮಾನ ಇದ್ದರೆ ನೆಲ ನೋಡಿ. ಅಷ್ಟು ಹೂವು ಬಿದ್ದ ಮೇಲೆ ರಸ್ತೆ ಮೇಲೂ, ಜನರ ತಲೆ, ಹೆಗಲ ಮೇಲೂ ಹೂವು ಕಾಣಲೇಬೇಕು. ಮೇಲಿಂದ ಮಳೆ ಸುರಿದು ಕೆಳಗೆ ರಸ್ತೆ ಖಾಲಿ ಇದ್ದರೆ, ಆ ಹೂವು ಬಿದ್ದಿದ್ದು ಕಂಪ್ಯೂಟರ್‌ನಲ್ಲಿ ಅಂತ ತಿಳ್ಕೊಳ್ಳಿ.